ಸುಮ್ಮನಾದದ್ದನ್ನು ಎಣಿಸುತ್ತ

ಪುಣೆಯ ನಮ್ಮ ಸೊಸೈಟಿಯಲ್ಲಿ ಬೆಳಗಿನ ಐದೂವರೆಗೆ ಓಡಾಡುವವರು ಮೂರೇ ಜನ: ಹಾಲಿನವನು, ವಾಚ್‌ಮನ್ ಮತ್ತು ನಾನು. ಅಷ್ಟು ಹೊತ್ತಿಗೆ ಲಿಫ್ಟಿನಲ್ಲಾಗಲಿ ಗೇಟಿನ ಹತ್ತಿರವಾಗಲಿ ಬೇರೆ ನಾಯಿಗಳು ಎದುರಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ವೇಳೆ ಆರಿಸಿಕೊಂಡಿದ್ದೇನೆ. ನಮ್ಮ ಪುಟಾಣಿ ಮತ್ತೊಂದು ನಾಯಿಯನ್ನು ಕಂಡಳೆಂದರೆ ಹಗ್ಗ ಹರಿಯುವ ಹಾಗೆ ಎಗರುತ್ತಾಳೆ, ದನಿ ಕಟ್ಟುವವರೆಗೆ ಬೊಗಳುತ್ತಾಳೆ.

ಧಾರವಾಡದ ಕಡೆ ಹುರಿಗಡಲೆಗೆ ಪುಟಾಣಿ ಎನ್ನುತ್ತೇವೆ. ಮೈಬಣ್ಣ ಹಾಗೇ ಇದೆಯೆಂದು ಆ ಹೆಸರು. ಎಂಟು ತಿಂಗಳವಳಿದ್ದಾಗ ಬೀದಿಯಿಂದ ಬಂದವಳು. ಮನೆಯೊಳಗೆ ಅವಳಷ್ಟು ಮೆತ್ತಗಿನ ಜೀವ ಇನ್ನೊಂದಿಲ್ಲ. ಮಿಕ್ಸರ್ ಶುರುವಾದರೆ ಮಂಚದ ಕೆಳಗೆ ಹೋಗಿ ಕೂರುತ್ತಾಳೆ. ಹೊರಗೆ ಮಾತ್ರ ಈ ಅವತಾರ. ತರಬೇತುದಾರರು ಇಂಥ ನಾಯಿಗಳನ್ನು ‘ರಿಯಾಕ್ಟಿವ್’ ಎನ್ನುತ್ತಾರೆ. ಕಂಡದ್ದಕ್ಕೆ ಅಳತೆ ಮೀರಿ ಪ್ರತಿಕ್ರಿಯಿಸುವ ನಾಯಿ ಎಂದು ಅರ್ಥ. ನೋಡುವವರಿಗೆ ಅದು ಸಿಟ್ಟಿನಂತೆ ಕಂಡರೂ ಬಹಳ ಸಲ ಒಳಗಿರುವುದು ಹೆದರಿಕೆ.

ಇದು ನನಗೆ ತಡವಾಗಿ ತಿಳಿಯಿತು. ಅಷ್ಟರೊಳಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಮೇಲೆ ನಾಲ್ಕು ದೂರು ಬಂದಿದ್ದವು. ಸಾಕುನಾಯಿಗಳನ್ನೇ ನಿಷೇಧಿಸುವ ಅಧಿಕಾರ ಹೌಸಿಂಗ್ ಸೊಸೈಟಿಗಳಿಗೆ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ಮಾರ್ಗಸೂಚಿ ಜೇಬಿನಲ್ಲಿದ್ದ ಮಾತ್ರಕ್ಕೆ ಲಿಫ್ಟಿನಲ್ಲಿ ಮುಖ ತಿರುಗಿಸುವವರು ತಿರುಗಿ ಮಾತಾಡುವುದಿಲ್ಲ.

ಮೊದಲು ಬಂದ ತರಬೇತುದಾರ ಉಕ್ಕಿನ ಚೋಕ್ ಚೈನ್ ತಂದಿದ್ದ. ಬೊಗಳಿದಾಗ ಜಗ್ಗಬೇಕು, ಅಷ್ಟೇ. ಮೂರನೇ ದಿನಕ್ಕೆ ಪುಟಾಣಿ ಬೊಗಳುವುದನ್ನು ಬಿಟ್ಟಳು. ನನಗೆ ಖುಷಿಯೋ ಖುಷಿ. ಐದನೇ ದಿನ, ದೂರದಲ್ಲಿ ನಾಯಿಯೊಂದು ಕಂಡಾಗ ಅವಳು ಬಾಲ ಮುದುರಿಕೊಂಡು ನಡುಗುತ್ತ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಅದನ್ನು ಹೇಳಿಕೊಳ್ಳುವ ಬಾಯಿಯನ್ನಷ್ಟೇ ನಾವು ಕಟ್ಟಿದ್ದೆವು. ಆ ಚೈನನ್ನು ಅಂದೇ ರದ್ದಿಯವನಿಗೆ ಕೊಟ್ಟೆ. ಪ್ರಾಣಿ ವರ್ತನೆಯ ಕ್ಷೇತ್ರದಲ್ಲಿರುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಪ್ರಕಟಿಸಿದ ನಿಲುವು, ಕಚ್ಚುವ ನಾಯಿಗಳಿಗೂ ಸೇರಿ ಎಲ್ಲ ತರಬೇತಿಗೂ ಬಹುಮಾನದ ದಾರಿಯನ್ನೇ ಶಿಫಾರಸು ಮಾಡುತ್ತದೆ ಎಂದು ಆಮೇಲೆ ಓದಿದೆ.

ಎರಡನೆಯ ತರಬೇತುದಾರರು ಮೊದಲು ಪಶುವೈದ್ಯರ ಹತ್ತಿರ ಕಳಿಸಿದರು. ಕಿವಿ, ಹಲ್ಲು, ಸೊಂಟ ಎಲ್ಲಾದರೂ ನೋವಿದ್ದರೆ ನಾಯಿ ಸಿಡುಕುತ್ತದೆ, ಆಗ ಎಷ್ಟು ಕಲಿಸಿದರೂ ನೀರಲ್ಲಿ ಹೋಮ. ನೋವೇನೂ ಇಲ್ಲವೆಂದು ಗೊತ್ತಾದ ಮೇಲೆ ಪಾಠ ಶುರು. ಮರಿಗಳು ಲೋಕಕ್ಕೆ ಹೊಂದಿಕೊಳ್ಳಲು ಕಲಿಯುವುದು ಮುಖ್ಯವಾಗಿ ಮೂರನೇ ವಾರದಿಂದ ಹದಿಮೂರು ಹದಿನಾಲ್ಕನೇ ವಾರದೊಳಗೆ. ಆಗ ಪುಟಾಣಿಗೆ ಏನಾಗಿತ್ತೋ ಯಾರಿಗೆ ಗೊತ್ತು. ಜೊತೆಗೆ ಹಗ್ಗ ಕಟ್ಟಿದ ನಾಯಿಗೆ ಓಡಿಹೋಗುವ ದಾರಿಯೂ ಇಲ್ಲ. ಬೊಗಳಿದರೆ ಎದುರಿನ ನಾಯಿ ಹೇಗೂ ತನ್ನ ಹಾದಿ ಹಿಡಿದು ಹೋಗುತ್ತದೆ. ಬೊಗಳಿದ್ದಕ್ಕೇ ಹೋಯಿತು ಎಂದು ಇವಳ ಲೆಕ್ಕ. ದಿನಕ್ಕೆ ಎರಡು ಸಲ ಇದೇ ಪಾಠ ಆದರೆ ಅಭ್ಯಾಸ ಗಟ್ಟಿಯಾಗದೆ ಇನ್ನೇನಾಗುತ್ತದೆ?

ಉಪಾಯ ಕೇಳಲು ಸರಳ. ಬೇರೆ ನಾಯಿ ಕಂಡರೂ ಪುಟಾಣಿ ಕೆರಳದಷ್ಟು ದೂರ ಹುಡುಕಬೇಕು. ಅಲ್ಲಿ ನಿಂತು, ಅವಳು ನಾಯಿಯನ್ನು ನೋಡಿದ ಕ್ಷಣ ಒಂದು ಗುರುತಿನ ಮಾತು ಹೇಳಿ, ಕೂಡಲೇ ಪನೀರಿನ ಚೂರು ಕೊಡಬೇಕು. ಮೊದಲು ನಾಯಿ, ಆಮೇಲೆ ಪನೀರು. ಈ ಕ್ರಮ ತಪ್ಪಬಾರದು. ಪನೀರು ತೋರಿಸಿ ಗಮನ ಬೇರೆಡೆ ಸೆಳೆದರೆ, ಪನೀರು ಕಂಡಾಗೆಲ್ಲ ಎಲ್ಲೋ ನಾಯಿ ಬಂದಿದೆ ಎಂದು ಅವಳು ಬೆದರತೊಡಗಬಹುದು. ಗುರುತಿನ ಮಾತಾಗಿ ‘ಜಾಣೆ’ ಎಂಬುದನ್ನು ಆರಿಸಿದೆ. ಪುಣೆಯ ಬೀದಿಯಲ್ಲಿ ‘ಶಾಬ್ಬಾಸ್’ ಯಾರ ಬಾಯಲ್ಲೂ ಬರುತ್ತದೆ, ‘ಗುಡ್’ ಕೂಡ. ‘ಜಾಣೆ’ ಎನ್ನುವವನು ನಾನೊಬ್ಬನೇ, ಹಾಗಾಗಿ ಆ ಮಾತಿನ ಬೆಲೆ ಇಳಿಯುವುದಿಲ್ಲ. ಪರಊರಲ್ಲಿ ಕನ್ನಡ ನನಗೆ ಹೀಗೂ ಉಪಯೋಗಕ್ಕೆ ಬಂತು.

ಏಪ್ರಿಲ್‌ನಲ್ಲಿ ವೇತಾಳ ಟೇಕಡಿಯ ಬಯಲಲ್ಲಿ 60 ಹೆಜ್ಜೆ ದೂರದಿಂದ ಆರಂಭಿಸಿದೆವು. ಜುಲೈ ಕೊನೆಗೆ 25 ಹೆಜ್ಜೆಗೆ ಬಂದಿದ್ದೆವು. ಅಷ್ಟರಲ್ಲಿ ಗಣೇಶೋತ್ಸವ ಹತ್ತಿರವಾಯಿತು. ಪುಣೆಯಲ್ಲಿ ಹಬ್ಬಕ್ಕೆ ತಿಂಗಳು ಮೊದಲೇ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ ಅಭ್ಯಾಸ ಶುರುವಾಗುತ್ತದೆ. ಸಂಜೆಯಾದರೆ ನಮ್ಮ ಬಾಲ್ಕನಿಯವರೆಗೂ ಆ ಸದ್ದು. ಪುಟಾಣಿ ನಿದ್ದೆಗೆಟ್ಟಳು. ಕೊಡ ತುಂಬಿರುವಾಗ ಒಂದು ಹನಿ ಬಿದ್ದರೂ ಚೆಲ್ಲುತ್ತದೆ. ಒಂದು ಸಂಜೆ ಗೇಟಿನ ಬಳಿ ಪಕ್ಕದ ವಿಂಗಿನ ನಾಯಿ ಎದುರಾಯಿತು. ಅವಳು ಎಗರಿದ ರಭಸಕ್ಕೆ ಹಗ್ಗ ಹಿಡಿದಿದ್ದ ನನ್ನ ಹೆಂಡತಿಯ ಮಣಿಕಟ್ಟು ಉಳುಕಿತು. ಮರುದಿನ ಟೇಕಡಿಯಲ್ಲಿ 50 ಹೆಜ್ಜೆಯಾದರೂ ಸಾಲಲಿಲ್ಲ.

ಆ ರಾತ್ರಿ ಹೆಂಡತಿ ಕೈಗೆ ಪಟ್ಟಿ ಸುತ್ತಿಕೊಳ್ಳುತ್ತ, “ಮೊದಲು ಇಟ್ಟುಕೊಂಡಿದ್ದವರಿಗೇ ವಾಪಸ್ ಕೊಡೋಣೇನ್ರೀ?” ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನನ್ನಲ್ಲೂ ಉತ್ತರವಿರಲಿಲ್ಲ. ಐದು ತಿಂಗಳ ಬೆಳಗಿನ ನಿದ್ದೆ, ಕಿಲೋಗಟ್ಟಲೆ ಪನೀರು, ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ನಿಂತದ್ದು, ಎಲ್ಲ ಎಲ್ಲಿಗೆ ಹೋಯಿತು? ‘ಹಬ್ಬ ಮುಗೀಲಿ, ಆಮೇಲೆ ನೋಡೋಣ’ ಎಂದೆ. ಮನಸ್ಸಿನಲ್ಲಿ ಅರ್ಧ ಒಪ್ಪಿಯಾಗಿತ್ತು.

ಹಬ್ಬಕ್ಕೆ ಅವ್ವ ಧಾರವಾಡದಿಂದ ಬಂದಳು. ಯುಗಾದಿಗೆ ಬಂದಾಗ ಪುಟಾಣಿಯ ಅಬ್ಬರ ನೋಡಿ, “ಒಂದ್ ನಾಯಿ ಸಲುವಾಗಿ ಇಷ್ಟ್ಯಾಕ ತ್ರಾಸ ತಗೋತೀ ತಮ್ಮಾ?” ಎಂದಿದ್ದವಳು. ಈ ಸಲ ಬೆಳಿಗ್ಗೆ ನನ್ನ ಜೊತೆ ಕೆಳಗಿಳಿದಳು. ಗೇಟಿನಾಚೆ ಬೀದಿನಾಯಿಯೊಂದು ಹಾದುಹೋಯಿತು, ಪುಟಾಣಿ ಬೊಗಳಿದಳು. ನಾನು ತಲೆ ತಗ್ಗಿಸಿದೆ. ಅವ್ವ ಮಾತ್ರ, “ಭಾಳ ಸುಧಾರಿಸೇತಲ್ಲೋ ಇದು!” ಎಂದಳು.

ನಾನು ಹಾಸ್ಯವೆಂದುಕೊಂಡೆ. “ಖರೇನ ಹೇಳ್ತೀನಿ. ಆಗ ಮನಿಗೆ ಬಂದ ಮ್ಯಾಲೂ ತೇಕಿಕೋತ ಅಡ್ಡಾಡತಿತ್ತು, ನೀರೂ ಕುಡೀತಿರಲಿಲ್ಲ. ಈಗ ನೋಡು, ನಾಕ ಸಲ ಒದರಿ ಹುಲ್ಲ ಮೂಸಾಕ ಹತ್ತೇತಿ.”

ಮನೆಗೆ ಬಂದವನೇ ಏಪ್ರಿಲ್‌ನಲ್ಲಿ ತರಬೇತುದಾರರಿಗೆ ಕಳಿಸಲೆಂದು ಮಾಡಿದ್ದ ವಿಡಿಯೊ ಹುಡುಕಿದೆ. ಎದುರಿನ ನಾಯಿ ಕಣ್ಮರೆಯಾಗಿ ನಾಲ್ಕು ನಿಮಿಷ ಕಳೆದರೂ ಪುಟಾಣಿ ಬೊಗಳುತ್ತಲೇ ಇದ್ದಳು. ವಿಡಿಯೊ ಮುಗಿದಿತ್ತು, ಅವಳದು ಮುಗಿದಿರಲಿಲ್ಲ. ಇವತ್ತಿನದು ಒಂದು ನಿಮಿಷವೂ ಇಲ್ಲ. ದಿನವೂ ಜೊತೆಗಿದ್ದ ನನಗೆ ಕಾಣದ್ದು ಐದು ತಿಂಗಳ ಮೇಲೆ ಬಂದ ಅವ್ವನಿಗೆ ಒಂದೇ ನೋಟಕ್ಕೆ ಕಂಡಿತ್ತು. ನಾನು ಇಷ್ಟು ದಿನ ಬೊಗಳಿದಳೋ ಇಲ್ಲವೋ ಎಂಬುದೊಂದನ್ನೇ ಎಣಿಸಿದ್ದೆ. ಆ ಲೆಕ್ಕದಲ್ಲಿ ಪ್ರತಿದಿನವೂ ನಪಾಸು. ಎಷ್ಟು ಬೇಗ ಸುಮ್ಮನಾದಳು ಎಂದು ಎಣಿಸಿದ್ದರೆ ಅವಳು ತಿಂಗಳಿಂದ ತಿಂಗಳಿಗೆ ಪಾಸಾಗುತ್ತಲೇ ಬಂದಿದ್ದಳು.

ಹಿಂದಕ್ಕೆ ಜಾರುವುದು ಈ ಕೆಲಸದ ಭಾಗವೇ ಎಂಬುದೂ ಆಗಲೇ ಮನಸ್ಸಿಗಿಳಿಯಿತು. ನಾವು ಮಾಡುತ್ತಿದ್ದ ವಿಧಾನದ ಹಳೆಯ ಉದಾಹರಣೆಯೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ್ದು. ಪೀಟರ್ ಎಂಬ, ಇನ್ನೂ ಮೂರು ತುಂಬದ ಹುಡುಗನಿಗೆ ಮೊಲವೆಂದರೆ ವಿಪರೀತ ಭಯ. ಹೆದರದ ಮಕ್ಕಳ ಜೊತೆ ಆಡಲು ಬಿಟ್ಟು ಅವನ ಭಯವನ್ನು ಸಾಕಷ್ಟು ತಗ್ಗಿಸಿದ್ದರು. ನಡುವೆ ಅವನಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ತಪ್ಪಿಹೋಯಿತು. ಆಸ್ಪತ್ರೆಯಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೈಮೇಲೆ ಬಂದಂತಾಗಿ ಹುಡುಗ ಬೆಚ್ಚಿಬಿದ್ದ. ಭಯ ಮತ್ತೆ ಮೊದಲಿನ ಮಟ್ಟಕ್ಕೇ ಏರಿತು. ಜೋನ್ಸ್ ಕೈಬಿಡಲಿಲ್ಲ. ಪೀಟರ್ ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ತುಸುತುಸುವೇ ಹತ್ತಿರ ತಂದರು. ಕೊನೆಗೆ ಮೊಲ ಅವನ ಬೆರಳು ಮೆಲ್ಲಲು ಬಂದರೂ ಅವನು ಕೈ ಹಿಂದೆಳೆಯಲಿಲ್ಲ. ಅವನನ್ನು ಹಿಂದಕ್ಕೆ ನೂಕಿದ್ದು ನಾಯಿ, ನನ್ನ ನಾಯಿಯನ್ನು ಢೋಲು. ಇಬ್ಬರಿಗೂ ಮತ್ತೆ ದೂರದಿಂದಲೇ ಶುರು ಮಾಡಬೇಕಾಯಿತು.

ಅಂದಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ದಿನಕ್ಕೆ ಒಂದೇ ಸಾಲು: ಎಷ್ಟು ಹೆಜ್ಜೆ ದೂರ, ಎಷ್ಟು ಸೆಕೆಂಡಿಗೆ ಸುಮ್ಮನಾದಳು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು. ಒಂದು ದಿನದ ಸಾಲಿಗೆ ಬೆಲೆ ಕೊಡುವುದಿಲ್ಲ, ಭಾನುವಾರ ಏಳೂ ಸಾಲು ಒಟ್ಟಿಗೆ ಓದುತ್ತೇನೆ. ತಿಂಗಳ ಮೊದಲ ದಿನ ಒಂದು ವಿಡಿಯೊ. ವಾರಕ್ಕೊಂದು ದಿನ ಹೊರಗಿನ ಪಾಠಕ್ಕೆ ಪೂರ್ತಿ ರಜೆ. ಕೆಟ್ಟದೊಂದು ಘಟನೆಯಾದ ಮರುದಿನವೂ ರಜೆ, ಏಕೆಂದರೆ ನಿನ್ನೆಯ ಗಾಬರಿ ಅವಳ ಮೈಯಿಂದ ಇಳಿಯಲು ಸಮಯ ಬೇಕು, ನನ್ನ ಮೈಯಿಂದಲೂ. ಅಂಥ ದಿನ ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಜೋಳದ ರೊಟ್ಟಿಯ ಚೂರು ಬಚ್ಚಿಟ್ಟು ಹುಡುಕಲು ಬಿಡುತ್ತೇನೆ. ಮೂಸಿ ಹುಡುಕುವ ಕೆಲಸದಲ್ಲಿ ನಾಯಿ ತಾನಾಗಿ ತಣ್ಣಗಾಗುತ್ತದೆ. ಢೋಲಿನ ದಿನಗಳಲ್ಲಿ ಪಾಠ ಮುಂದುವರಿಸುವುದಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಕಲಿತದ್ದನ್ನು ಕಾಪಾಡಿಕೊಂಡರೆ ಸಾಕು.

ಪಕ್ಕದ ವಿಂಗಿನ ನಾಯಿಯ ಒಡತಿಗೆ ಎಲ್ಲವನ್ನೂ ನನ್ನ ಹರಕು ಮರಾಠಿಯಲ್ಲಿ ವಿವರಿಸಿದೆ. ಅವರು ಇಳಿಯುವ ಹೊತ್ತನ್ನು ಹದಿನೈದು ನಿಮಿಷ ಮುಂದೆ ಹಾಕಿಕೊಂಡರು. ಈಗ ಶನಿವಾರಗಳಲ್ಲಿ ತಮ್ಮ ನಾಯಿಯನ್ನು ಹಿಡಿದು ಪಾರ್ಕಿಂಗಿನ ಆ ತುದಿಯಲ್ಲಿ ಐದು ನಿಮಿಷ ನಮಗಾಗಿಯೇ ನಿಲ್ಲುತ್ತಾರೆ. ವಾಟ್ಸಾಪ್‌ನಲ್ಲಿ ವಾದ ಮಾಡಿ ಸಿಗದದ್ದು ಒಮ್ಮೆ ಎದುರು ನಿಂತು ಮಾತಾಡಿದ್ದಕ್ಕೆ ಸಿಕ್ಕಿತು.

ಪುಟಾಣಿ ಪೂರ್ತಿ ಸರಿಹೋಗಿಲ್ಲ. ತಿರುವಿನಲ್ಲಿ ಥಟ್ಟನೆ ನಾಯಿ ಎದುರಾದರೆ ಈಗಲೂ ಎಗರುತ್ತಾಳೆ. ಬಹುಶಃ ಯಾವತ್ತೂ ಅವಳು ನಾಯಿಗಳ ಗುಂಪಿನಲ್ಲಿ ಆಡುವವಳಾಗಲಾರಳು. ವಾಪಸ್ ಕೊಡುವ ಮಾತು ಮಾತ್ರ ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ. ಹೆಂಡತಿಯ ಮಣಿಕಟ್ಟು ವಾಸಿಯಾಗಿದೆ. ಭಾನುವಾರ ನೋಟ್‌ಬುಕ್ ಓದುವವಳು ಈಗ ಅವಳೇ.

ಅವ್ವ ಊರಿಗೆ ಹೋದ ಮೇಲೂ ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಊಟವಾಯಿತೇ ಎಂದು ಕೇಳುವ ಮೊದಲೇ “ಎಷ್ಟಕ್ಕ ಸುಮ್ಮನಾತು?” ಎನ್ನುತ್ತಾಳೆ. ಮೊನ್ನೆ, “ಹನ್ನೆರಡು ಸೆಕೆಂಡು, 20 ಹೆಜ್ಜೆ” ಎಂದೆ.

“ಅಡ್ಡಿಯಿಲ್ಲ” ಎಂದಳು ಅವ್ವ. “ಹ್ವಾದ ವಾರ ಹದಿನೈದು ಇತ್ತು.”