ಸಕ್ಕರೆಯನ್ನು ಮಗುಚುವ ಕಿಣ್ವ

ಹಾಲಿನಲ್ಲಿರುವ ಲ್ಯಾಕ್ಟೋಸ್ ಒಡೆದರೆ ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳು ಸಿಗುತ್ತವೆ. ಎರಡರಲ್ಲೂ ಇರುವುದು ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ನಾಲ್ಕನೆಯ ಇಂಗಾಲಕ್ಕೆ ಅಂಟಿದ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ–ಜಲಜನಕ ಜೋಡಿ) ಒಂದರಲ್ಲಿ ಈ ಕಡೆಗಿದ್ದರೆ ಇನ್ನೊಂದರಲ್ಲಿ ಆ ಕಡೆಗಿದೆ, ವ್ಯತ್ಯಾಸ ಅಷ್ಟೇ. ಆದರೆ ಅಷ್ಟಕ್ಕೇ ಜೀವಕೋಶ ಗ್ಯಾಲಕ್ಟೋಸನ್ನು ಹಾಗೇ ಉರಿಸಲಾರದು, ಮೊದಲು ತಿದ್ದಿಕೊಳ್ಳಬೇಕು. ತಿದ್ದುವ ದಾರಿಯನ್ನು ಬಿಡಿಸಿ ತೋರಿಸಿದವರು ಅರ್ಜೆಂಟೀನಾದ ಲೂಯಿಸ್ ಲೆಲೊಯಿರ್. 1970ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಆ ದಾರಿಯಲ್ಲಿ ಹೈಡ್ರಾಕ್ಸಿಲನ್ನು ಅತ್ತಿಂದಿತ್ತ ಮಾಡುವ ಕಿಣ್ವವೇ ಎಪಿಮರೇಸ್. ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಎಪಿಮರೇಸ್ ಇಂಥ ಕಿಣ್ವಗಳಲ್ಲಿ ಬಹಳ ವಿವರವಾಗಿ ಅಧ್ಯಯನಗೊಂಡದ್ದು. ಯುಡಿಪಿ ಎಂಬ ಅಣುವಿಗೆ ಕಟ್ಟಿಕೊಂಡ ಸಕ್ಕರೆ ಅದರ ಬಳಿಗೆ ಬರುತ್ತದೆ. ಕೆಲಸ ಹೇಳಿದಷ್ಟು ಸುಲಭವಲ್ಲ. ಇಂಗಾಲಕ್ಕೆ ಬಿಗಿದುಕೊಂಡ ಗುಂಪನ್ನು ಸುಮ್ಮನೆ ಆಚೆ ತಳ್ಳಲಾಗದು, ಎಲ್ಲೋ ಒಂದು ಬಂಧ ಮುರಿಯಲೇಬೇಕು.

ಕಿಣ್ವ ಮುರಿಯುವ ಬಂಧ ಯಾವುದೆಂದು ತಿಳಿದಾಗ ಅದರ ಜಾಣತನಕ್ಕೆ ತಲೆದೂಗಬೇಕೆನಿಸುತ್ತದೆ. ಅದು ಇಂಗಾಲ–ಆಮ್ಲಜನಕ ಬಂಧದ ತಂಟೆಗೇ ಹೋಗುವುದಿಲ್ಲ. ಕಿಣ್ವದ ಒಡಲಲ್ಲಿ ಎನ್‌ಎಡಿ ಎಂಬ ಸಹಕಿಣ್ವ ಸದಾ ಗಟ್ಟಿಯಾಗಿ ಕೂತಿರುತ್ತದೆ. 149ನೆಯ ಸ್ಥಾನದ ಟೈರೋಸಿನ್ ಎಂಬ ಅಮೈನೋ ಆಮ್ಲ ಹೈಡ್ರಾಕ್ಸಿಲಿನಿಂದ ಪ್ರೋಟಾನನ್ನು ಎಳೆದುಕೊಂಡರೆ, ಅದೇ ಇಂಗಾಲದ ಮೇಲಿದ್ದ ಜಲಜನಕ ಎರಡು ಎಲೆಕ್ಟ್ರಾನುಗಳ ಸಮೇತ ಎನ್‌ಎಡಿಗೆ ಜಿಗಿಯುತ್ತದೆ. ಈಗ ನಾಲ್ಕನೆಯ ಇಂಗಾಲ ಚಪ್ಪಟೆ, ಅದಕ್ಕೆ ಎಡ–ಬಲದ ಹಂಗಿಲ್ಲ. ಮುಂದಿನ ಹೆಜ್ಜೆ ಕಾವಲಿಯ ಮೇಲೆ ದೋಸೆ ಮಗುಚಿದ ಹಾಗೆ: ಎನ್‌ಎಡಿ ಕೂತಲ್ಲೇ ಕೂತಿರುತ್ತದೆ, ಸಕ್ಕರೆಯ ಉಂಗುರ ಮಾತ್ರ ಮಗ್ಗುಲು ಬದಲಿಸಿ ಇನ್ನೊಂದು ಮುಖವನ್ನು ಅದರತ್ತ ಒಡ್ಡುತ್ತದೆ. ಕೊಟ್ಟ ಜಲಜನಕವೇ ಹೊಸ ಮುಖಕ್ಕೆ ಮರಳುತ್ತದೆ. ಗ್ಯಾಲಕ್ಟೋಸ್ ಗ್ಲೂಕೋಸ್ ಆಯಿತು!

ಮರಳುವುದು ಅದೇ ಜಲಜನಕ ಎನ್ನುವುದಕ್ಕೆ ಪುರಾವೆ ಕಿಣ್ವದ ರಚನೆ ಗೊತ್ತಾಗುವುದಕ್ಕಿಂತ ಎಷ್ಟೋ ಮೊದಲೇ ಸಿಕ್ಕಿತ್ತು. ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಬೆರೆಸಿದ ನೀರಿನಲ್ಲಿ ಕ್ರಿಯೆ ನಡೆಸಿದರೂ ಸಕ್ಕರೆಯ ಇಂಗಾಲಕ್ಕೆ ಟ್ರಿಟಿಯಂ ಸೇರಲಿಲ್ಲ. ಹೊರಗಿನಿಂದ ಏನೂ ಬರುತ್ತಿಲ್ಲವೆಂದ ಮೇಲೆ ಒಳಗಿನದೇ ಹೋಗಿ ಬರುತ್ತಿರಬೇಕು.

ಆದರೆ ಸಕ್ಕರೆ ಮಗುಚಿಕೊಳ್ಳುವುದನ್ನು ನೋಡುವುದು ಹೇಗೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೇಝಲ್ ಹೋಲ್ಡನ್ ಮತ್ತು ಸಂಗಡಿಗರು 1992ರಲ್ಲಿ ಈ ಕಿಣ್ವದ ರಚನೆಯನ್ನು ಪ್ರಕಟಿಸಿದರು. ಶುದ್ಧ ಪ್ರೋಟೀನು ಹರಳುಗಟ್ಟುವಂತೆ ತಾಳ್ಮೆಯಿಂದ ಒಲಿಸಿ, ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ, ಚದುರಿ ಬಿದ್ದ ಚುಕ್ಕೆಗಳ ಲೆಕ್ಕದಿಂದ ಎಲೆಕ್ಟ್ರಾನು ಸಾಂದ್ರತೆಯ ನಕ್ಷೆ ಬರೆಯುವ ವಿದ್ಯೆ ಇದು. ನಕ್ಷೆಯಲ್ಲಿ ಎನ್‌ಎಡಿಯ ಪಕ್ಕದಲ್ಲೇ ಸಕ್ಕರೆಗೆ ಜಾಗ ಕಾಣುತ್ತದೆ. ಕಾಣದೇ ಹೋಗುವುದು ಆ ಜಲಜನಕ: ಪ್ರೋಟೀನು ಹರಳುಗಳ ಸಾಮಾನ್ಯ ನಕ್ಷೆಗಳಲ್ಲಿ ಮೂಡಲಾರದಷ್ಟು ಕಡಿಮೆ ಎಲೆಕ್ಟ್ರಾನು ಅದರದು. ಯಾವ ಪರಮಾಣುವಿನ ಸುತ್ತ ಇಷ್ಟೆಲ್ಲ ನಡೆಯುತ್ತದೋ ಅದನ್ನು ನೆರೆಹೊರೆಯವರ ನಡುವಿನ ದೂರದಿಂದಲೇ ಊಹಿಸಬೇಕು.

ಇನ್ನೊಂದು ತೊಡಕು, ಕೆಲಸ ಮಾಡುತ್ತಿರುವ ಕಿಣ್ವ ಹರಳಿನಲ್ಲೂ ಸುಮ್ಮನಿರುವುದಿಲ್ಲ. ಅದಕ್ಕೆ ಹೋಲ್ಡನ್ ಮತ್ತು ಜೇಮ್ಸ್ ಥೋಡನ್ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಟೈರೋಸಿನ್ 149 ಮತ್ತು ಅದರ ಬಳಿಯ ಸೆರೀನ್ 124, ಈ ಎರಡರಿಂದಲೂ ಹೈಡ್ರಾಕ್ಸಿಲ್ ಇಲ್ಲದಂತೆ ಕಿಣ್ವವನ್ನು ಮಾರ್ಪಡಿಸಿದರು. ಸಕ್ಕರೆ ಬಂದು ಕೂರಬಲ್ಲದು, ಕ್ರಿಯೆ ಮಾತ್ರ ಸಾಗದು. ಒಂದು ಹರಳಿಗೆ ಗ್ಯಾಲಕ್ಟೋಸ್ ರೂಪ, ಇನ್ನೊಂದಕ್ಕೆ ಗ್ಲೂಕೋಸ್ ರೂಪ ಕೂಡಿಸಿ 1998ರಲ್ಲಿ ಎರಡೂ ಚಿತ್ರಗಳನ್ನು ಮುಂದಿಟ್ಟರು. ಯುಡಿಪಿ ಬಿಗಿಯಾಗಿ ಸಿಕ್ಕಿಕೊಂಡಿದೆ, ಅದರ ತುದಿಯ ಸಕ್ಕರೆ ಒಂದರಲ್ಲಿ ಒಂದು ಮಗ್ಗುಲಾಗಿ, ಮತ್ತೊಂದರಲ್ಲಿ ಇನ್ನೊಂದು ಮಗ್ಗುಲಾಗಿ ಕೂತಿದೆ. ಕಿಣ್ವ ಸಕ್ಕರೆಯನ್ನು ಬೇಕೆಂದೇ ಸಡಿಲ ಬಿಟ್ಟಿದೆಯೋ ಎನ್ನುವಂತಿದೆ.

ಮಗುಚಬೇಕಾದರೆ ಜಾಗ ಬೇಕಲ್ಲವೇ? ಮನುಷ್ಯನ ಎಪಿಮರೇಸ್ ಇನ್ನೂ ದಪ್ಪನೆಯ, ಅಸಿಟೈಲ್ ಗುಂಪು ಹೊತ್ತ ಸಕ್ಕರೆಯನ್ನೂ ಹೊರಳಿಸುತ್ತದೆ, ಬ್ಯಾಕ್ಟೀರಿಯಾದ್ದಕ್ಕೆ ಅದು ಒಗ್ಗುವುದಿಲ್ಲ. ಬ್ಯಾಕ್ಟೀರಿಯಾದ ಕಿಣ್ವದಲ್ಲಿ 299ನೆಯ ಸ್ಥಾನದಲ್ಲಿ ದೊಡ್ಡ ಟೈರೋಸಿನ್ ಇದ್ದರೆ, ಮನುಷ್ಯನದರಲ್ಲಿ ಅದಕ್ಕೆ ಸರಿಯಾದ ಜಾಗದಲ್ಲಿ ಪುಟ್ಟ ಸಿಸ್ಟೀನ್ ಇದೆ. 2002ರಲ್ಲಿ ಅದೇ ತಂಡ ಬ್ಯಾಕ್ಟೀರಿಯಾದ ಟೈರೋಸಿನ್ನಿಗೆ ಬದಲು ಸಿಸ್ಟೀನ್ ಹಾಕಿ ನೋಡಿತು. ಆ ಒಂದೇ ಬದಲಾವಣೆಗೆ ಕಿಣ್ವ ದಪ್ಪ ಸಕ್ಕರೆಯನ್ನೂ ಮಗುಚಿತು, ಗ್ಯಾಲಕ್ಟೋಸಿನ ಮೇಲಿದ್ದ ಚುರುಕು ಮಾತ್ರ ಸಾಕಷ್ಟು ಕುಂದಿತು.