ಬಾಗಿಲು ಬಡಿಯುವ ಮುನ್ನ ಹಾಡು ಕೇಳಿ

ಮಗ ಕೋಣೆಯ ಬಾಗಿಲು ಹಾಕಿಕೊಂಡು ಹಾಡು ಹಚ್ಚಿದ್ದಾನೆ. ನಿಮಗೆ ಕೇಳಿಸುವುದು ಡ್ರಮ್ಮಿನ ಧಡಧಡ ಸದ್ದು ಮಾತ್ರ. ‘ಇದೂ ಒಂದು ಸಂಗೀತವೇ? ಇದರಿಂದ ಹುಡುಗನ ಮನಸ್ಸು ಕೆಡುವುದಿಲ್ಲವೇ?’ ಎಂಬುದು ಅನೇಕ ತಂದೆತಾಯಿಯರ ಚಿಂತೆ. ಸಿಟ್ಟಿನಿಂದ ಬಾಗಿಲು ಬಡಿಯುವ ಮೊದಲು ಐದು ನಿಮಿಷ ಅವನ ಪಕ್ಕ ಕುಳಿತು ನೀವೂ ಕೇಳಿ ನೋಡಿ.

ಉದಾಹರಣೆಗೆ ‘ಈಗಲ್ ಫ್ಲೈ ಫ್ರೀ’ ಎಂಬ ಹಾಡನ್ನೇ ತೆಗೆದುಕೊಳ್ಳಿ. ಜರ್ಮನಿಯ ಹ್ಯಾಂಬರ್ಗ್ ನಗರದ ‘ಹೆಲೋವೀನ್’ ತಂಡ 1988ರಲ್ಲಿ ಹೊರತಂದ ಆಲ್ಬಮ್ಮಿನಲ್ಲಿ ಇದು ಇದೆ. ಬರೆದವರು ತಂಡದ ಗಿಟಾರ್ ವಾದಕ ಮೈಕೇಲ್ ವೈಕಾತ್. ‘ಪವರ್ ಮೆಟಲ್’ ಎಂಬ ಪ್ರಕಾರಕ್ಕೆ ದಾರಿ ಹಾಕಿಕೊಟ್ಟ ಹಾಡುಗಳಲ್ಲಿ ಇದೂ ಒಂದು. ಎರಡು ಗಿಟಾರುಗಳು ಜೋಡಿಯಾಗಿ ನುಡಿಯುವ ರೀತಿ, ಗಾಯಕನ ಏರುದನಿ, ಇಂಗ್ಲೆಂಡಿನ ಜೂಡಾಸ್ ಪ್ರೀಸ್ಟ್ ಮತ್ತು ಐರನ್ ಮೇಡನ್ ತಂಡಗಳನ್ನು ಕೇಳಿದವರಿಗೆ ಪರಿಚಿತವೇ. ಅದಕ್ಕೆ ಇವರು ಸೇರಿಸಿದ್ದು ಇನ್ನಷ್ಟು ವೇಗ, ಜೊತೆಗೆ ಗುನುಗಿಕೊಳ್ಳಬಹುದಾದ ಲವಲವಿಕೆಯ ಧಾಟಿ.

ಮೊದಲ ಸಲ ಗಾಯಕ ಮೈಕೇಲ್ ಕಿಸ್ಕೆಯ ದನಿಯನ್ನಷ್ಟೇ ಹಿಂಬಾಲಿಸಿ. ಎರಡನೆಯ ಸಲ ಡ್ರಮ್ಮಿಗೆ ಕಿವಿಗೊಡಿ. ಹಾಡಿನ ನಡುವೆ ಗಿಟಾರ್, ಬಾಸ್, ಡ್ರಮ್ಮುಗಳಿಗೆ ಸರದಿ ಬರುತ್ತದೆ. ತನಿ ಆವರ್ತನ ಕೇಳಿ ಬಲ್ಲವರಿಗೆ ಈ ಸೊಗಸು ಹಿಡಿಸದೆ ಇರದು.

ಮನಸ್ಸು ಕೆಡುತ್ತದೆಯೇ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇದಕ್ಕಿಂತಲೂ ಕಟುವಾದ ಮೆಟಲ್ ಸಂಗೀತವನ್ನು ಮೆಚ್ಚುವ 39 ಮಂದಿಗೆ ಮೊದಲು ಸಿಟ್ಟು ಬರಿಸಲಾಯಿತು. ಬಳಿಕ ಕೆಲವರು ತಮ್ಮಿಷ್ಟದ ಹಾಡು ಕೇಳಿದರು, ಉಳಿದವರು ಸುಮ್ಮನೆ ಕುಳಿತರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ. ಸುಮ್ಮನೆ ಕುಳಿತವರಂತೆ ಅವರೂ ಶಾಂತರಾದರು, ಹುರುಪನ್ನೂ ಪಡೆದರು. ಇದು ಸಣ್ಣ ಅಧ್ಯಯನ, ಅದೂ ಮೆಚ್ಚುವವರ ಮೇಲೆ ನಡೆಸಿದ್ದು. ಆದರೂ ಹಾಡಿನ ಮೇಲೆ ಅಪವಾದ ಹೊರಿಸುವ ಮುನ್ನ ಯೋಚಿಸಬೇಕು.

ಅಪಾಯವಿರುವುದು ಕಿವಿಗೆ

ನಮ್ಮ ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ಲಿಗೆ ಏರಿಸಿದರೆ ಆ ಮಿತಿ 4 ಗಂಟೆಗೆ ಇಳಿಯುತ್ತದೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ: 40 ಗಂಟೆಗೆ 75 ಡೆಸಿಬಲ್. ಇಯರ್‌ಫೋನಿನ ಸದ್ದು ಗರಿಷ್ಠದ ಶೇ. 60ನ್ನು ಮೀರದಿರಲಿ. ಹಾಡು ನಿಂತ ಮೇಲೂ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆಯ ಗಂಟೆ. ಮತ್ತೆ ಮತ್ತೆ ಹಾಗಾದರೆ ವೈದ್ಯರಿಗೆ ತೋರಿಸಿ.

ಡ್ರಮ್ ವಾದಕನ ಕಥೆ

ಈ ಹಾಡಿಗೆ ಅಂಥ ಮಿಂಚಿನ ಲಯ ಕೊಟ್ಟವರು ಇಂಗೋ ಶ್ವಿಖ್ಟೆನ್‌ಬರ್ಗ್. ಅವರನ್ನು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋವ್ಯಾಧಿ ಕಾಡಿತು. 1993ರಲ್ಲಿ ಅವರು ತಂಡದಿಂದ ಹೊರಬರಬೇಕಾಯಿತು. 1995ರ ಮಾರ್ಚ್‌ನಲ್ಲಿ, 29ರ ವಯಸ್ಸಿನಲ್ಲಿ, ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು. ಹಳೆಯ ಜೊತೆಗಾರ ಕೈ ಹ್ಯಾನ್ಸನ್ ತಮ್ಮ ‘ಗಾಮಾ ರೇ’ ತಂಡದ ಹಾಡೊಂದನ್ನು ಅವರ ನೆನಪಿಗೆ ಅರ್ಪಿಸಿದರು.

ಈ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ. ಅದು ಯಾರ ತಪ್ಪೂ ಅಲ್ಲ, ಪಾಪದ ಫಲವೂ ಅಲ್ಲ, ಚಿಕಿತ್ಸೆಯೂ ಇದೆ. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಮತ್ತೆ ಮರುಕಳಿಸುವ ಸಂಭವವೇ ಹೆಚ್ಚು.

ಆದ್ದರಿಂದ ಗಮನಿಸಬೇಕಾದುದು ಹಾಡನ್ನಲ್ಲ, ಹುಡುಗನನ್ನು. ಊಟ, ನಿದ್ದೆ ಏರುಪೇರಾಗಿದೆಯೇ? ಗೆಳೆಯರಿಂದ ದೂರವಾಗಿದ್ದಾನೆಯೇ? ಯಾರೋ ಮಾತನಾಡುತ್ತಿದ್ದಾರೆ, ಕೇಡು ಬಗೆಯುತ್ತಿದ್ದಾರೆ ಎನ್ನುತ್ತಾನೆಯೇ? ಸಾಯುವ ಮಾತು ಆಡುತ್ತಾನೆಯೇ? ತಡಮಾಡದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ, ಹಣವಿಲ್ಲದೆ ಕರೆ ಮಾಡಬಹುದು.

ಇವಾವುದೂ ಇಲ್ಲದೆ ಅವನು ಕೇವಲ ಹಾಡು ಕೇಳುತ್ತಿದ್ದರೆ ಸದ್ದನ್ನು ಕೊಂಚ ತಗ್ಗಿಸಲು ಹೇಳಿ. ಆಮೇಲೆ ‘ಡ್ರಮ್ ಬಾರಿಸುವವರು ಯಾರಪ್ಪಾ?’ ಎಂದು ಕೇಳಿ. ಮಾತಿಗೆ ಅಷ್ಟು ಸಾಕು.