ಬೈಕ್‌ಗೆ ಆರ್‌ಪಿಎಂ ಮೀಟರ್: ಯಾವ ವೈರ್ ಎಲ್ಲಿಗೆ?

ಹಳೇ ಸ್ಪ್ಲೆಂಡರ್‌ನಲ್ಲಿ ಸ್ಪೀಡ್ ಕಾಣುತ್ತೆ.
ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ,
ಅದು ಕಾಣುತ್ತಾ?

ಅದಕ್ಕೇ ಹೊರಗಿನಿಂದ ಟ್ಯಾಕೋಮೀಟರ್ ಹಾಕೋದು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.
ಮೀಟರ್‌ನಿಂದ ಸಾಮಾನ್ಯವಾಗಿ ನಾಲ್ಕು ವೈರ್ ಬರುತ್ತೆ.

ಒಂದು ಅರ್ಥ್‌ಗೆ. ಪೇಂಟ್ ಇಲ್ಲದ ಬೋಲ್ಟ್ ನೋಡ್ಕೊಳ್ಳಿ.
ಇನ್ನೊಂದು, ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ವೈರ್‌ಗೆ.
ನೇರ ಬ್ಯಾಟರಿಗೆ ಕೊಟ್ರೆ ರಾತ್ರಿಯಿಡೀ ಚಾರ್ಜ್ ಕುಡಿಯುತ್ತೆ.
ಮೂರನೇದು ಮೀಟರ್ ಲೈಟ್‌ದು, ಗಾಡಿಯ ಲೈಟ್ ವೈರ್‌ಗೆ. ಬಿಡಿ, ಅದು ಸುಲಭ.

ಅಸಲಿ ಕೆಲಸ ಸಿಗ್ನಲ್ ವೈರ್‌ದು.
ವೈದ್ಯರು ಮಣಿಕಟ್ಟು ಹಿಡಿದು ನಾಡಿ ಎಣಿಸೋ ಹಾಗೆ
ಇದು ಸ್ಪಾರ್ಕ್ ಎಣಿಸುತ್ತೆ.

ಕೆಲವು ಮೀಟರ್‌ಗೆ, ಈ ವೈರನ್ನ
ಪ್ಲಗ್ ವೈರ್ ಮೇಲೆ ನಾಲ್ಕೈದು ಸುತ್ತು ಸುತ್ತಿದರೆ ಸಾಕು.
ಕೆಲವಕ್ಕೆ, ಇಗ್ನಿಷನ್ ಕಾಯಿಲ್‌ಗೆ ಹೋಗೋ
ಸಣ್ಣ ವೈರ್‌ನಿಂದಲೇ ಕನೆಕ್ಷನ್ ಬೇಕು.
ಸಿಡಿಐ ಇಗ್ನಿಷನ್ ಇರೋ ಗಾಡಿಯಲ್ಲಿ ಅಲ್ಲಿ ನೂರಾರು ವೋಲ್ಟ್ ಇರುತ್ತೆ.
ಇಂಜಿನ್ ಓಡ್ತಿರುವಾಗ ಕೈ ಹಾಕಬೇಡಿ.

ಬ್ಯಾಟರಿಯ ನೆಗೆಟಿವ್ ಮತ್ತೆ ಹಾಕಿ ಸ್ಟಾರ್ಟ್ ಮಾಡಿದ್ರಿ.
ಐಡಲ್‌ನಲ್ಲಿ 1400 ಇರಬೇಕಾದ್ದು
700 ಅಥವಾ 2800 ತೋರಿಸ್ತಿದ್ಯಾ?
ವೈರ್ ಬಿಚ್ಚೋಕೆ ಹೋಗಬೇಡಿ.
ಸುತ್ತಿಗೊಂದು ಸ್ಪಾರ್ಕಾ, ಎರಡು ಸುತ್ತಿಗೊಂದಾ,
ಮೀಟರ್‌ನಲ್ಲಿ ಆ ಸೆಟ್ಟಿಂಗ್ ಬದಲಾಯಿಸಿ.

ವಾರಂಟಿ ಇರೋ ಹೊಸ ಗಾಡಿನಾ?
ವೈರ್ ಕತ್ತರಿಸೋ ಮುಂಚೆ
ಸರ್ವಿಸ್ ಸೆಂಟರ್‌ನಲ್ಲಿ ಒಂದು ಮಾತು ಕೇಳಿ.